ಪಾಂಗಾಳದಲ್ಲಿ ಬಿದ್ದಾಗ ನಿಂತ ಬೈಕುಗಳು

ಮೀನಿನ ಲಾರಿಯ ನೀರು ಅಂದರೆ ಏನು ಅಂತ ಕರಾವಳಿಯಲ್ಲಿ ಬೈಕ್ ಓಡಿಸುವವರಿಗೆ ಹೇಳಬೇಕಾಗಿಲ್ಲ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆಗೆ ರಜೆ. ಆಗಸ್ಟ್‌ನಲ್ಲಿ ಬೋಟುಗಳು ಮತ್ತೆ ಕಡಲಿಗೆ ಇಳಿಯುತ್ತವೆ. ಮಂಗಳೂರಿನ ದಕ್ಕೆಯಲ್ಲೂ ಮಲ್ಪೆ ಬಂದರಿನಲ್ಲೂ ಲಾರಿಗಳು ಸಾಲುಗಟ್ಟುತ್ತವೆ. ಮೀನಿಗೆ ಹಾಕಿದ ಐಸ್ ದಾರಿಯುದ್ದಕ್ಕೂ ಕರಗುತ್ತದೆ. ಕೆಲವು ಲಾರಿಗಳಲ್ಲಿ ಆ ನೀರು ಹಿಡಿಯಲು ಟ್ಯಾಂಕ್ ಇರುತ್ತದೆ. ಇನ್ನು ಕೆಲವು ಅದನ್ನು ರಸ್ತೆಗೇ ಸುರಿದುಕೊಂಡು ಹೋಗುತ್ತವೆ. ಬೂತಾಯಿ ಸೀಸನ್ನಿನಲ್ಲಂತೂ ಕೇಳುವುದೇ ಬೇಡ. ಅದು ಎಣ್ಣೆ ಮೀನು, ಅದರ ನೀರಿನಲ್ಲೂ ಎಣ್ಣೆ ಇರುತ್ತದೆ. ಜೋರು ಮಳೆ ಬಂದರೆ ತೊಳೆದು ಹೋಗುತ್ತದೆ. ಹನಿಮಳೆ ಬಂದರೆ ರಸ್ತೆಯ ಮೇಲೆ ಒಂದು ಪದರ ಹಾಗೇ ಉಳಿಯುತ್ತದೆ. ಡಾಂಬರು ಹೇಗೂ ಕಪ್ಪು, ಹೇಗೂ ಒದ್ದೆ. ಕಣ್ಣಿಗೆ ಏನೂ ಕಾಣುವುದಿಲ್ಲ.

ಸೆಪ್ಟೆಂಬರ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಮಂಗಳೂರಿನಿಂದ ಉಡುಪಿಗೆ ಹೊರಟಿದ್ದೆ. ಅಂಬಲಪಾಡಿಯಲ್ಲಿ ತಂಗಿಯ ಮನೆ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಮೂಲ್ಕಿ, ಪಡುಬಿದ್ರಿ, ಉಚ್ಚಿಲ, ಕಾಪು ಎಲ್ಲ ದಾಟಿ ಆಗಿತ್ತು. ಪಾಂಗಾಳದ ಹತ್ತಿರ ಮುಂದಿನ ಚಕ್ರ ಜಾರಿತು. ಬ್ರೇಕ್ ಹಿಡಿದಿರಲಿಲ್ಲ, ತಿರುವೂ ಇರಲಿಲ್ಲ. ಬೈಕ್ ಎಡಕ್ಕೆ ಮಲಗಿತು, ನಾನು ಅದರ ಹಿಂದೆಯೇ ಸ್ವಲ್ಪ ದೂರ ಉಜ್ಜಿಕೊಂಡು ಹೋದೆ. ಬಿದ್ದ ಕಥೆ ಇಷ್ಟೇ. ಆಮೇಲಿನ ಎರಡು ಮೂರು ಗಂಟೆಯಲ್ಲಿ ನನಗಾಗಿ ಬೈಕ್ ನಿಲ್ಲಿಸಿದವರು ಏನೇನು ಮಾಡಿದರು ಅಂತ ಸರಿಯಾಗಿ ಬರೆದಿಡಬೇಕು. ಅವರಲ್ಲಿ ಒಬ್ಬರ ಹೆಸರೂ ನನಗೆ ಗೊತ್ತಿಲ್ಲ.

ಮೊದಲು ನಿಂತವರು ಮೀನು ಮಾರುವ ಅಣ್ಣ. ಟಿವಿಎಸ್ ಎಕ್ಸ್‌ಎಲ್, ಹಿಂದೆ ನೀಲಿ ಡಬ್ಬಿ, ಹ್ಯಾಂಡಲ್ಲಿಗೆ ಪೋಂ ಪೋಂ ಹಾರ್ನ್. ಅವರು ನೇರ ನನ್ನ ಹತ್ತಿರ ಓಡಿ ಬರಲಿಲ್ಲ. ಮೊದಲು ತಮ್ಮ ಗಾಡಿಯನ್ನು ನಾನು ಬಿದ್ದಲ್ಲಿಂದ ಸಾಕಷ್ಟು ಹಿಂದೆ, ರಸ್ತೆಗೆ ಅಡ್ಡವಾಗಿ ನಿಲ್ಲಿಸಿದರು. ಡಬ್ಬಿಯ ಮೇಲೆ ಹೊದೆಸಿದ್ದ ಹಳದಿ ಟಾರ್ಪಾಲ್ ತುಂಡನ್ನು ಎಳೆದು ತೆಗೆದು, ಬರುವ ವಾಹನಗಳ ಎದುರು ಬೀಸತೊಡಗಿದರು. ಒಂದು ಬಸ್ಸು, ಅದರ ಹಿಂದೆ ಎರಡು ಕಾರು ವೇಗ ಕಡಿಮೆ ಮಾಡಿ ಬಲಕ್ಕೆ ಸರಿದು ಹೋದವು. ನಮ್ಮ ಹೆದ್ದಾರಿಯ ಬಸ್ಸುಗಳ ವೇಗ ಗೊತ್ತಲ್ಲ. ಬಿದ್ದ ಪೆಟ್ಟಿಗಿಂತ ಹಿಂದಿನಿಂದ ಬರುವ ಗಾಡಿಯೇ ಜಾಸ್ತಿ ಅಪಾಯ. ಅವರು ಆ ಟಾರ್ಪಾಲ್ ಬೀಸದೇ ಇದ್ದಿದ್ದರೆ ಇವತ್ತು ಇದನ್ನು ಬರೆಯಲು ನಾನು ಇರುತ್ತಿದ್ದೆನೋ ಇಲ್ಲವೋ.

ಅಲ್ಲಿಂದಲೇ ಕೂಗಿ ಕೇಳಿದರು, "ದಾನೆ ಆಂಡ್ (ಏನಾಯ್ತು)? ಏಳ್ಬೇಡಿ, ಏಳ್ಬೇಡಿ. ಅಲ್ಲೇ ಕೂತ್ಕೊಳ್ಳಿ ಮಾರಾಯ್ರೆ."

ಅಷ್ಟರಲ್ಲಿ ಮೂರು ಬೈಕುಗಳು ಒಟ್ಟಿಗೆ ಬಂದು ನಿಂತವು. ಎರಡು ಬದಿಗೂ ಬ್ಯಾಗು ಕಟ್ಟಿದ ದೊಡ್ಡ ಬೈಕುಗಳು, ಕೆಎ 25ರ ನಂಬರು. ಧಾರವಾಡದವರು. ಮಂಗಳೂರು ತಿರುಗಾಡಿಕೊಂಡು ಊರಿಗೆ ವಾಪಸ್ ಹೊರಟವರು ಅಂತ ಆಮೇಲೆ ಗೊತ್ತಾಯಿತು. ಅವರಲ್ಲಿ ಒಬ್ಬರು ಮೊದಲು ಮಾಡಿದ ಕೆಲಸ ನನ್ನ ಬೈಕಿನ ಕೀ ತಿರುಗಿಸಿ ಎಂಜಿನ್ ಬಂದ್ ಮಾಡಿದ್ದು. ಅದು ಮಲಗಿದ್ದಲ್ಲೇ ಗುರ್‌ ಅನ್ನುತ್ತಿತ್ತು, ಟ್ಯಾಂಕಿನ ಮುಚ್ಚಳದಿಂದ ಪೆಟ್ರೋಲು ಹನಿಯುತ್ತಿತ್ತು. ಇನ್ನೊಬ್ಬರು ಇಂಡಿಕೇಟರ್ ನಾಲ್ಕೂ ಮಿನುಗುವಂತೆ ಮಾಡಿ, ತಮ್ಮ ಬೈಕನ್ನು ಮೀನಿನ ಅಣ್ಣನ ಗಾಡಿಯ ಹತ್ತಿರ ಒಯ್ದು ನಿಲ್ಲಿಸಿದರು.

ಮೂರನೆಯ ಬೈಕಿನ ಹಿಂದಿನ ಸೀಟಿನಿಂದ ಇಳಿದ ಅಕ್ಕ ನನ್ನ ಎದುರು ಕುಕ್ಕರಗಾಲಲ್ಲಿ ಕೂತರು. ನನ್ನ ಬಲಗೈ ಆಗಲೇ ಹೆಲ್ಮೆಟ್ಟಿನ ಪಟ್ಟಿಗೆ ಹೋಗಿತ್ತು.

"ತಗೀಬ್ಯಾಡ್ರಿ ಅಣ್ಣಾರ. ಹಂಗ ಇರ್ರಿ. ಕುತ್ತಿಗಿ ನೋವು ಅದ ಏನ್ರಿ?"

ಇಲ್ಲ ಅಂದೆ. ಕೈಬೆರಳು ಆಡಿಸಲು ಹೇಳಿದರು. ಬೂಟಿನ ಒಳಗೆ ಕಾಲ್ಬೆರಳು ಆಡುತ್ತದಾ ಕೇಳಿದರು. ಕೈಕಾಲಿನಲ್ಲಿ ಜುಮ್ ಅನ್ನುತ್ತದಾ, ವಾಂತಿ ಬಂದ ಹಾಗೆ ಆಗುತ್ತದಾ, ಇವತ್ತು ಯಾವ ವಾರ, ಎಲ್ಲಿಗೆ ಹೊರಟಿದ್ದೆ, ಮನೆಯಲ್ಲಿ ಯಾರು ಯಾರು ಇದ್ದಾರೆ. ಒಂದೊಂದೇ ಪ್ರಶ್ನೆ, ಸಮಾಧಾನದಿಂದ. ತಲೆಗೆ ಪೆಟ್ಟು ಬಿದ್ದಿದೆಯಾ ಅಂತ ನೋಡುವ ಕ್ರಮ ಅದು ಅಂತ ನನಗೆ ಆ ಹೊತ್ತಿಗೆ ಹೊಳೆಯಲಿಲ್ಲ. ಯಾರೋ ಮಾತಾಡಿಸುತ್ತಿದ್ದಾರೆ ಅನ್ನುವುದೇ ದೊಡ್ಡ ಧೈರ್ಯವಾಗಿತ್ತು. ಎಲ್ಲ ಉತ್ತರ ಸರಿ ಬಂದ ಮೇಲೆ ಅವರ ಗಂಡ ನನ್ನ ಹಿಂದೆ ಮಂಡಿಯೂರಿ ಕೂತು, ಎರಡೂ ಕೈಯಲ್ಲಿ ಕುತ್ತಿಗೆ ಮತ್ತು ಗದ್ದ ಆಧರಿಸಿ ಹಿಡಿದರು. ಅಕ್ಕ ಪಟ್ಟಿ ಬಿಚ್ಚಿ, ಹೆಲ್ಮೆಟ್ಟಿನ ಎರಡೂ ಬದಿಯನ್ನು ಸ್ವಲ್ಪ ಅಗಲಿಸಿ, ಮೆಲ್ಲಗೆ ಮೇಲೆ ಎತ್ತಿದರು. ನನ್ನ ಕಿವಿಯೂ ಮಡಚಿಕೊಳ್ಳಲಿಲ್ಲ, ಅಷ್ಟು ನಾಜೂಕು. ಹೆಲ್ಮೆಟ್ಟಿನ ಎಡಗಡೆ ಕಿವಿಯ ಮೇಲೆ ಬಣ್ಣವೆಲ್ಲ ಕಿತ್ತುಹೋಗಿತ್ತು, ವೈಸರ್ ಒಂದು ಬದಿಗೆ ನೇತಾಡುತ್ತಿತ್ತು.

ಈ ಹೊತ್ತಿಗೆ ಜನ ಸೇರಿದ್ದರು. ಒಬ್ಬರು ಪಾಪ ಹತ್ತಿರದ ಅಂಗಡಿಯಿಂದ ಕಾಫಿ ಪುಡಿ ತಂದಿದ್ದರು, ಗಾಯಕ್ಕೆ ಹಾಕಲು. ಅಕ್ಕ ಅವರಿಗೆ ಬೇಜಾರಾಗದ ಹಾಗೆ, "ಅದು ಆಮ್ಯಾಲ ಡಾಕ್ಟರ್ ತೆಗಿಯೋದು ಭಾಳ ತ್ರಾಸ ಆಗ್ತದ್ರಿ, ಕುಡಿಯೋ ನೀರಿದ್ರ ಕೊಡ್ರಿ" ಅಂದರು. ನೀರು ಬಂತು. ಮೊಣಕೈ, ಮೊಣಕಾಲಿನ ಮೇಲೆ ಬಾಟಲಿಗಟ್ಟಲೆ ಸುರಿದರು. ಉಜ್ಜಲಿಲ್ಲ, ಸುಮ್ನೆ ಸುರಿದರು. ಅವರ ಬ್ಯಾಗಿನಲ್ಲಿ ಪ್ರಥಮ ಚಿಕಿತ್ಸೆಯ ಡಬ್ಬಿ ಇತ್ತು. ಹತ್ತಿ ತೆಗೆಯಲಿಲ್ಲ, ಅದರ ಎಳೆಗಳು ಗಾಯಕ್ಕೆ ಅಂಟುತ್ತವೆ. ಗಾಜ್ ಬಟ್ಟೆ ಇಟ್ಟು ಸಡಿಲವಾಗಿ ಬ್ಯಾಂಡೇಜ್ ಸುತ್ತಿದರು. ಎಡಗೈಯ ಮಣಿಕಟ್ಟು ಊದಲು ಶುರುವಾಗಿತ್ತು. ಅಂಗಡಿಯವರಿಂದ ಹಳೇ ಪೇಪರ್ ಇಸಿದುಕೊಂಡು, ದಪ್ಪಗೆ ಮಡಚಿ, ಕೈಯ ಅಡಿಗೆ ಕೊಟ್ಟು ಕಟ್ಟಿದರು. ಆಮೇಲೆ ಅವರ ಸ್ಟೋಲ್‌ನಿಂದಲೇ ಕತ್ತಿಗೆ ಜೋಲಿ.

ಮೀನಿನ ಅಣ್ಣ ಬಂದು ಗಾಯ ನೋಡಿದರು. ಅವರು ಹೇಳಿದ ಮಾತು ಬಹಳ ಬೆಲೆಯದ್ದು. "ಆಸ್ಪತ್ರೆಯಲ್ಲಿ ಮೀನಿನ ನೀರು ತಾಗಿದೆ ಅಂತ ಹೇಳಲೇಬೇಕು. ಮರೀಬೇಡಿ. ಇದು ಬೇಗ ಕೀವು ಆಗ್ತದೆ." ತಮ್ಮ ಬೆರಳು ಚಾಚಿ ತೋರಿಸಿದರು. ಮೀನಿನ ಮುಳ್ಳು ತಾಗಿ ಹಣ್ಣಾಗಿ ಮಾಗಿದ ಹಳೇ ಗುರುತುಗಳು, ಎರಡು ಮೂರು ಕಡೆ.

ಆಮೇಲೆ ಅವರು ಮಾಡಿದ್ದನ್ನು ನಾನು ಕೂತಲ್ಲಿಂದಲೇ ನೋಡುತ್ತಿದ್ದೆ. ಡಬ್ಬಿಯಲ್ಲಿದ್ದ ಮೀನು ತೂಗುವ ತಟ್ಟೆ ತೆಗೆದುಕೊಂಡು ರಸ್ತೆ ಬದಿಗೆ ಹೋದರು. ಅಲ್ಲಿ ಯಾರೋ ಮನೆ ಕಟ್ಟಲು ತಂದು ಹಾಕಿದ ಹೊಯಿಗೆ (ಮರಳು) ರಾಶಿ ಇತ್ತು. ತಟ್ಟೆಯಲ್ಲಿ ತುಂಬಿ ತುಂಬಿ ತಂದು, ನಾನು ಜಾರಿದ ಜಾಗದ ಮೇಲೆ ಎರಚಿದರು. ಧಾರವಾಡದ ಒಬ್ಬರು ಹೆಲ್ಮೆಟ್ ತಲೆಯಲ್ಲೇ ಇಟ್ಟುಕೊಂಡು ಕಾಲಿನಿಂದ ಅದನ್ನು ಹರಡುತ್ತಿದ್ದರು. ಹಿಂದೆ ಬರುವ ಬೈಕಿನವರು ಬೀಳಬಾರದು ಅಂತ. ಮೀನಿನ ಅಣ್ಣನಿಗೆ ಅದು ವ್ಯಾಪಾರದ ಹೊತ್ತು, ಮಧ್ಯಾಹ್ನದ ಸಾರಿಗೆ ಮನೆಮನೆಯಲ್ಲಿ ಮೀನಿಗೆ ಕಾಯುವ ಹೊತ್ತು. ಆದರೂ ಆ ಜಾಗ ಪೂರ್ತಿ ಮುಚ್ಚುವ ತನಕ ಅವರು ಗಾಡಿ ಸ್ಟಾರ್ಟ್ ಮಾಡಲಿಲ್ಲ.

ಇನ್ನೊಬ್ಬ ಹುಡುಗನ ಬಗ್ಗೆ ಹೇಳಬೇಕು. ಬೆನ್ನಿಗೆ ದೊಡ್ಡ ಪಾರ್ಸೆಲ್ ಚೀಲ, ಹಳೇ ಸ್ಪ್ಲೆಂಡರ್. ಇಪ್ಪತ್ತೆರಡು ಇಪ್ಪತ್ಮೂರು ವಯಸ್ಸು ಇರಬಹುದು. ಎಲ್ಲರೂ ಬೈಕ್ ಎತ್ತಲು ಹೊರಟಾಗ ಅವನು ತಡೆದ. "ಒಂದು ನಿಮಿಷ ಅಣ್ಣ, ಇನ್ಶೂರೆನ್ಸಿಗೆ ಫೋಟೋ ಬೇಕಾಗ್ತದೆ." ನನ್ನದೇ ಫೋನ್ ಕೇಳಿ ಪಡೆದು, ಬೈಕ್ ಬಿದ್ದ ಸ್ಥಿತಿಯಲ್ಲೇ ನಂಬರ್ ಪ್ಲೇಟ್ ಕಾಣುವ ಹಾಗೆ, ರಸ್ತೆಯ ಮೇಲೆ ಉಜ್ಜಿದ ಗೀರು, ಮೀನಿನ ನೀರು ಹರಿದ ಜಾಡು, ಎಲ್ಲ ತೆಗೆದ.

ಮನೆಗೆ ಫೋನ್ ಮಾಡಿದ್ದೂ ಅವನೇ. ನನ್ನ ಕೈ ನಡುಗುತ್ತಿತ್ತು. ಹೆಂಡತಿಯ ನಂಬರ್ ಹೇಳಿದೆ. ಅವನು ಸ್ಪೀಕರ್ ಹಾಕಿ, ಅವಳು ಹಲೋ ಅನ್ನುವ ಮೊದಲೇ ಫೋನನ್ನು ನನ್ನ ಬಾಯಿಯ ಹತ್ತಿರ ಹಿಡಿದ. "ನೀವೇ ಮಾತಾಡಿ ಅಂಕಲ್. ನಾನು ಮಾತಾಡಿದ್ರೆ ಅವ್ರು ಹೆದರ್ತಾರೆ." ಗುರುತಿಲ್ಲದ ದನಿಯೊಂದು "ನಿಮ್ಮ ಯಜಮಾನರಿಗೆ ಆಕ್ಸಿಡೆಂಟ್" ಅಂದಿದ್ದರೆ ಅವಳು ಮಂಗಳೂರಿನಲ್ಲಿ ಒಬ್ಬಳೇ ಹೇಗೆ ತಡೆದುಕೊಳ್ಳುತ್ತಿದ್ದಳು? ಅವಳು ಮೊದಲು ಕೇಳಿದ್ದು ನನ್ನ ದನಿ. ಆ ಹುಡುಗ ಆ ವಯಸ್ಸಿಗೆ ಇದನ್ನು ಎಲ್ಲಿ ಕಲಿತನೋ. ಅವನನ್ನು ಹೆತ್ತವರು ಪುಣ್ಯವಂತರು.

ಬೈಕ್ ಎತ್ತಿದರೆ ಅದು ಅಲುಗಲು ಒಲ್ಲದು. ಗೇರಿನಲ್ಲೇ ಸಿಕ್ಕಿಕೊಂಡಿತ್ತು, ಕ್ಲಚ್ ಲಿವರ್ ಮುರಿದಿತ್ತು, ಗೇರ್ ಲಿವರ್ ಮಡಚಿ ಎಂಜಿನ್ ಕೇಸಿಗೆ ಅಂಟಿ ಕೂತಿತ್ತು. ಧಾರವಾಡದವರಲ್ಲಿ ಹಿರಿಯರೊಬ್ಬರು ಲಾಕ್ ಆಗುವ ಇಕ್ಕಳ ತೆಗೆದು, ಮಡಚಿದ ಲಿವರಿಗೆ ಕಚ್ಚಿಸಿ, ಹಿಂದಿನ ಚಕ್ರ ಸ್ವಲ್ಪ ಹಿಂದೆ ಮುಂದೆ ಮಾಡಿಸುತ್ತಾ ನ್ಯೂಟ್ರಲ್‌ಗೆ ತಂದರು. ಇಕ್ಕಳವನ್ನು ಅಲ್ಲೇ ಬಿಟ್ಟರು. "ಮೆಕ್ಯಾನಿಕ್ ಬಂದಾಗ ಬೇಕಾಗ್ತದ, ಇರ್ಲಿ ಬಿಡ್ರಿ."

ಭಾನುವಾರ ಗ್ಯಾರೇಜು ಬಾಗಿಲು. ಹೆದ್ದಾರಿ ಬದಿಯಲ್ಲಿ ಬೈಕ್ ಬಿಟ್ಟು ಹೋಗುವುದು ಹೇಗೆ? ಅದಕ್ಕೂ ಮೀನಿನ ಅಣ್ಣನೇ ದಾರಿ ಮಾಡಿದರು. ಪಕ್ಕದ ಗೇಟಿನ ಹತ್ತಿರ ಹೋಗಿ ಹಾರ್ನ್ ಒತ್ತಿದರು. ಅವರ ಗಿರಾಕಿ ಮನೆ. ಜಗಲಿಯಲ್ಲಿ ಬಾಳೆ ನಾರಿನಲ್ಲಿ ಮಲ್ಲಿಗೆ ಕಟ್ಟುತ್ತಿದ್ದ ಹೆಂಗಸೊಬ್ಬರು ಎದ್ದು ಬಂದರು. ಶಂಕರಪುರ, ಕಟಪಾಡಿ ಸುತ್ತಮುತ್ತ ಬೆಳಗಿನ ಹೊತ್ತು ಮಲ್ಲಿಗೆ ಕಟ್ಟುವವರಿಗೆ ತಲೆ ಎತ್ತಲು ಪುರುಸೊತ್ತಿರುವುದಿಲ್ಲ, ಹೂವು ಕೊಳ್ಳುವ ಕಟ್ಟೆಗೆ ಅದು ಹೊತ್ತಿಗೆ ಸರಿಯಾಗಿ ಮುಟ್ಟಬೇಕು. ಅವರು ಏನೂ ಕೇಳಲಿಲ್ಲ. ಗೇಟು ತೆಗೆದು, ಮಲ್ಲಿಗೆ ಗಿಡಗಳ ಸಾಲು ಬಿಟ್ಟು ಗೋಡೆ ಪಕ್ಕ ಜಾಗ ತೋರಿಸಿದರು. "ನಾಳೆ ಬೇಕಾದ್ರೂ ಬನ್ನಿ, ನಾಡಿದ್ದು ಬೇಕಾದ್ರೂ ಬನ್ನಿ. ಗಾಡಿ ಇಲ್ಲೇ ಇರ್ತದೆ."

108ಕ್ಕೆ ಕರೆ ಮಾಡುವ ಮಾತು ಬಂತು. ನಾನು ಎದ್ದು ನಿಂತು ನಡೆಯಬಲ್ಲೆ, ತಲೆ ಸುತ್ತು ಇಲ್ಲ ಅಂತ ನೋಡಿಕೊಂಡ ಮೇಲೆ ಅಕ್ಕನ ಗಂಡ, ತಾವೇ ಉಡುಪಿಗೆ ಕರೆದುಕೊಂಡು ಹೋಗುತ್ತೇನೆ ಅಂದರು. ನನ್ನ ಹೆಲ್ಮೆಟ್ ಹಾಕುವ ಹಾಗಿರಲಿಲ್ಲ. ಅಕ್ಕ ತಮ್ಮದನ್ನು ಕೊಟ್ಟರು. ತಾವು ಆ ಮಲ್ಲಿಗೆ ಮನೆಯ ಜಗಲಿಯಲ್ಲಿ ಕೂತಿರುತ್ತೇನೆ, ನೀವು ಹೋಗಿ ಬನ್ನಿ ಅಂದರು. ಉಳಿದ ಎರಡು ಬೈಕಿನವರೂ ಅಲ್ಲೇ ಉಳಿದರು. ಹತ್ತು ಹನ್ನೆರಡು ಕಿಲೋಮೀಟರು ಅವರು ಬೈಕ್ ಓಡಿಸಿದ ರೀತಿ ಹೇಳಬೇಕು. ಪ್ರತಿ ಹಂಪಿಗೂ ಮೊದಲೇ "ಹಂಪ್ ಬಂತ್ರಿ" ಅನ್ನುತ್ತಿದ್ದರು. ನನ್ನ ಎಡಗೈ ಒಮ್ಮೆಯೂ ಕುಲುಕಲಿಲ್ಲ.

ಆಸ್ಪತ್ರೆಯ ತುರ್ತು ವಿಭಾಗದಲ್ಲಿ ರಸ್ತೆ ಅಪಘಾತ ಅಂದ ಕೂಡಲೇ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ, ಪೊಲೀಸರಿಗೂ ತಿಳಿಸುತ್ತಾರೆ. "ಕರ್ಕೊಂಡು ಬಂದವರು ಯಾರು?" ಅಂತ ಕೇಳಿದಾಗ ಅವರ ಮುಖ ಸ್ವಲ್ಪ ಬಿಗಿಯಾಯಿತು. ಊರು ಬಿಟ್ಟು ಊರಲ್ಲಿ ಸ್ಟೇಷನ್ನು, ಸಾಕ್ಷಿ ಅಂತ ಅಲೆಯಬೇಕಾದರೆ ಯಾರಿಗೆ ತಾನೇ ಭಯ ಆಗುವುದಿಲ್ಲ? ಡ್ಯೂಟಿ ಡಾಕ್ಟರ್ ಕೂಡಲೇ ಹೇಳಿದರು, "ಹೆಸರು ಕೊಡೋದು ಬಿಡೋದು ನಿಮ್ಮ ಇಷ್ಟ ಸರ್. ಯಾರೂ ಒತ್ತಾಯ ಮಾಡೋ ಹಾಗಿಲ್ಲ."

ಇದು ಎಲ್ಲರಿಗೂ ಗೊತ್ತಿರಬೇಕಾದ ವಿಷಯ. 2016ರಲ್ಲಿ ಸುಪ್ರೀಂ ಕೋರ್ಟ್ ಈ ಬಗ್ಗೆ ಮಾರ್ಗಸೂಚಿಗೆ ಒಪ್ಪಿಗೆ ಕೊಟ್ಟು, ಇಡೀ ದೇಶ ಪಾಲಿಸಬೇಕು ಅಂತ ಹೇಳಿತು. ನಮ್ಮ ಕರ್ನಾಟಕ ಇದಕ್ಕಾಗಿ ಪ್ರತ್ಯೇಕ ಕಾಯ್ದೆಯನ್ನೇ ಮಾಡಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಅನ್ನುವ ಕಲಂ ಸೇರಿತು. ಅಪಘಾತದಲ್ಲಿ ಬಿದ್ದವರಿಗೆ ಒಳ್ಳೆಯ ಮನಸ್ಸಿನಿಂದ ಸಹಾಯ ಮಾಡಿದವರ ಮೇಲೆ ಕೇಸು ಹಾಕುವಂತಿಲ್ಲ. ಹೆಸರು, ವಿಳಾಸ ಕೊಡಲೇಬೇಕು ಅಂತ ಪೊಲೀಸರಾಗಲಿ ಆಸ್ಪತ್ರೆಯವರಾಗಲಿ ಪಟ್ಟು ಹಿಡಿಯುವಂತಿಲ್ಲ. ಈ ಹಕ್ಕುಗಳನ್ನು ಬರೆದ ಫಲಕವನ್ನು ಆಸ್ಪತ್ರೆಯ ಬಾಗಿಲಲ್ಲೇ ಹಾಕಬೇಕು ಅಂತ 2020ರ ನಿಯಮ ಹೇಳುತ್ತದೆ. ಇಷ್ಟಿದ್ದೂ ಜನ ಹೆದರುತ್ತಾರೆ, ಬಿದ್ದವರ ಪಕ್ಕದಲ್ಲೇ ಗಾಡಿ ಓಡಿಸಿಕೊಂಡು ಹೋಗುತ್ತಾರೆ. ಇವರು ಕಾನೂನು ಗೊತ್ತಿಲ್ಲದೆಯೂ ನಿಂತವರು. ಅದಕ್ಕೇ ನನಗೆ ಅವರ ಮೇಲೆ ಇನ್ನೂ ಗೌರವ ಜಾಸ್ತಿ.

ಮೀನಿನ ನೀರು ತಾಗಿದ ವಿಷಯ ಹೇಳಿದೆ. ಡಾಕ್ಟರ್ ತಲೆ ಆಡಿಸಿ, ಸಲೈನ್ ಬಾಟಲಿಗಳನ್ನೇ ತರಿಸಿ ಗಾಯವನ್ನು ಮತ್ತೆ ಪೂರ್ತಿ ತೊಳೆಸಿದರು. ಮೊಣಕೈಯಲ್ಲಿ ಹೂತಿದ್ದ ಜಲ್ಲಿ ಪುಡಿಯನ್ನು ಚಿಮಟದಿಂದ ಒಂದೊಂದಾಗಿ ತೆಗೆದರು. ಟೆಟನಸ್ ಇಂಜೆಕ್ಷನ್, ಆಂಟಿಬಯಾಟಿಕ್. ಎಕ್ಸ್‌ರೇಯಲ್ಲಿ ಮೂಳೆ ಮುರಿದದ್ದು ಕಾಣಲಿಲ್ಲ. ಆದರೂ ಹೆಬ್ಬೆರಳಿನ ಬುಡದಲ್ಲಿ ಒತ್ತಿದಾಗ ನೋವಿದ್ದ ಕಾರಣ ಪಟ್ಟಿ ಹಾಕಿ, ಎರಡು ವಾರ ಬಿಟ್ಟು ಮತ್ತೆ ಎಕ್ಸ್‌ರೇಗೆ ಬರಲು ಹೇಳಿದರು. ಅಂಗೈ ಊರಿ ಬಿದ್ದಾಗ ಅಲ್ಲಿನ ಒಂದು ಸಣ್ಣ ಮೂಳೆ ಬಿರುಕು ಬಿಟ್ಟಿದ್ದರೆ ಮೊದಲ ದಿನದ ಎಕ್ಸ್‌ರೇಯಲ್ಲಿ ಕಾಣದೇ ಇರಬಹುದಂತೆ. ಪುಣ್ಯಕ್ಕೆ ಎರಡನೇ ಸಲವೂ ಏನೂ ಇರಲಿಲ್ಲ.

ನನ್ನ ಭಾವ ಅಂಬಲಪಾಡಿಯಿಂದ ಬರುವ ತನಕ ಅಕ್ಕನ ಗಂಡ ಹೊರಗಿನ ಬೆಂಚಿನಲ್ಲೇ ಕೂತಿದ್ದರು. ಭಾವನ ಕೈಗೆ ಚೀಟಿ, ಔಷಧ ಎಲ್ಲ ಒಪ್ಪಿಸಿದರು. ಊಟ ಮಾಡಿ ಹೋಗಿ ಅಂತ ಭಾವ ಎಷ್ಟು ಹೇಳಿದರೂ ಕೇಳಲಿಲ್ಲ. ಪೆಟ್ರೋಲಿಗಾದರೂ ಅಂತ ದುಡ್ಡು ತೆಗೆದರೆ ಕೈ ಮುಗಿದರು. "ನಾಳೆ ನಾವು ಬಿದ್ರ ಯಾರರ ನಿಲ್ತಾರ್ರಿ. ಆರಾಮಾಗ್ರಿ." ಅಷ್ಟೇ ಹೇಳಿ ಹೆಲ್ಮೆಟ್ ತೆಗೆದುಕೊಂಡು ಹೊರಟರು. ಮತ್ತೆ ಪಾಂಗಾಳಕ್ಕೆ ವಾಪಸ್ ಹೋಗಿ ಹೆಂಡತಿಯನ್ನು ಕೂರಿಸಿಕೊಂಡು, ಅದೇ ದಾರಿಯಲ್ಲಿ ಉಡುಪಿ ದಾಟಿ, ಕುಂದಾಪುರ, ಭಟ್ಕಳ, ಅಂಕೋಲಾ, ಅಲ್ಲಿಂದ ಅರಬೈಲ್ ಘಾಟಿ ಹತ್ತಿ ಯಲ್ಲಾಪುರ, ಹುಬ್ಬಳ್ಳಿ. ಬೆಳಿಗ್ಗೆ ನಿಲ್ಲದೇ ಹೋಗಿದ್ದರೆ ಘಾಟಿಯನ್ನು ಬೆಳಕಿನಲ್ಲೇ ಮುಗಿಸುತ್ತಿದ್ದರು. ನನ್ನಿಂದಾಗಿ ಆ ಮಳೆಯಲ್ಲಿ ಕತ್ತಲೆಗೆ ಸಿಕ್ಕಿರುತ್ತಾರೆ. ಆ ರಾತ್ರಿ ತಂಗಿಯ ಮನೆಯಲ್ಲಿ ಮಲಗಿ, ಅವರು ಈಗ ಎಲ್ಲಿ ಮುಟ್ಟಿರಬಹುದು ಅಂತಲೇ ಯೋಚಿಸುತ್ತಿದ್ದೆ. ನಂಬರಾದರೂ ಇಸಿದುಕೊಳ್ಳಲು ಭಾವ ಅವರ ಹಿಂದೆ ಹೊರಗೆ ಹೋಗುವಷ್ಟರಲ್ಲಿ ಬೈಕ್ ಗೇಟು ದಾಟಿತ್ತು.

ಇನ್ಶೂರೆನ್ಸ್ ಕೆಲಸ ಬೇಗ ಮುಗಿಯಿತು, ಅದರಲ್ಲಿ ಅರ್ಧ ಶ್ರೇಯ ಪಾರ್ಸೆಲ್ ಹುಡುಗನದ್ದು. ಬಿದ್ದ ಜಾಗದ, ಬಿದ್ದ ಹೊತ್ತಿನ ಫೋಟೋ ಕೇಳಿದರು, ಇತ್ತು. ಆರ್‌ಸಿ, ಡ್ರೈವಿಂಗ್ ಲೈಸೆನ್ಸ್, ಪಾಲಿಸಿ, ಗ್ಯಾರೇಜಿನ ಎಸ್ಟಿಮೇಟು ಕೊಟ್ಟೆ. ಬೇರೆ ಯಾರಿಗೂ ಪೆಟ್ಟಾಗಿರದ ಕಾರಣ ಎಫ್‌ಐಆರ್ ಕೇಳಲಿಲ್ಲ. ವಿಡಿಯೋ ಕರೆಯಲ್ಲೇ ಬೈಕ್ ನೋಡಿ ಒಪ್ಪಿದರು. ಅವರು ನೋಡುವ ಮೊದಲು ರಿಪೇರಿಗೆ ಕೈ ಹಾಕಬಾರದು, ಇದು ನೆನಪಿರಲಿ. ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಅರ್ಧ ಬೆಲೆ ಮಾತ್ರ ಸಿಗುತ್ತದೆ, ಉಳಿದರ್ಧ ನಮ್ಮ ಕೈಯಿಂದ. ಇದೆಲ್ಲ ಸಿಗಬೇಕಾದರೆ ನಮ್ಮ ಗಾಡಿಯ ಹಾನಿಗೂ ಪಾಲಿಸಿ ಇರಬೇಕು. 2018ರ ಸೆಪ್ಟೆಂಬರ್ ನಂತರ ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ಕಡ್ಡಾಯವಾಗಿದೆ. ಅದನ್ನೇ ನೋಡಿ "ಇನ್ಶೂರೆನ್ಸ್ ಇದೆಯಲ್ಲ" ಅಂತ ತುಂಬಾ ಜನ ಸುಮ್ಮನಿರುತ್ತಾರೆ. ಅದು ಎದುರಿನವರಿಗೆ ಆಗುವ ಹಾನಿಗೆ ಮಾತ್ರ.

ಹೆಲ್ಮೆಟ್ ಮಾತ್ರ ಹೊಸದು ತೆಗೆದುಕೊಂಡೆ. ಹೊರಗಿನಿಂದ ಬರೀ ಗೀರು, ಇನ್ನೂ ಹಾಕಬಹುದು ಅಂತ ಅನಿಸುತ್ತದೆ. ಮೆಕ್ಯಾನಿಕ್ ಒಳಗಿನ ಬಟ್ಟೆ ಬಿಚ್ಚಿ ತೋರಿಸಿದ. ಕಿವಿಯ ಮೇಲೆ ಥರ್ಮೋಕೋಲ್ ಒಂದು ಹೆಬ್ಬೆರಳಿನಗಲ ಒಳಗೆ ಕುಸಿದಿತ್ತು. ನನ್ನ ತಲೆಗೆ ಬರಬೇಕಾಗಿದ್ದ ಪೆಟ್ಟು ಅದು. ಥರ್ಮೋಕೋಲ್ ಒಮ್ಮೆ ಕುಸಿದರೆ ಮುಗಿಯಿತು, ಮತ್ತೆ ಉಬ್ಬುವುದಿಲ್ಲ, ಇನ್ನೊಂದು ಪೆಟ್ಟು ತಡೆಯುವುದಿಲ್ಲ.

ಕೈ ಸರಿಯಾದ ಮೇಲೆ ಹೆಂಡತಿಯನ್ನು ಕರೆದುಕೊಂಡು ಪಾಂಗಾಳಕ್ಕೆ ಹೋದೆ. ಮಲ್ಲಿಗೆ ಮನೆಯ ಅಕ್ಕ ನಮ್ಮನ್ನು ಕೂರಿಸಿ ಬೆಲ್ಲ, ನೀರು ಕೊಟ್ಟರು. ಮೀನಿನ ಅಣ್ಣ ಬರುವ ಹೊತ್ತು ಕೇಳಿ ತಿಳಿದುಕೊಂಡು ಅಲ್ಲೇ ಕಾದೆವು. ಹಾರ್ನ್ ಕೇಳಿತು. ನನ್ನ ಹೆಂಡತಿ ಗೇಟಿನ ತನಕ ಹೋಗಿ ಕೈ ಮುಗಿದು ನಿಂತಳು, ಅವಳಿಗೆ ಮಾತು ಬರಲಿಲ್ಲ. ಅವರಿಗೂ ಏನು ಹೇಳಬೇಕೋ ಗೊತ್ತಾಗಲಿಲ್ಲ. "ದಾಲ ಇಜ್ಜಿ (ಏನೂ ಇಲ್ಲ) ಅಕ್ಕ, ಕೈ ಸಮ ಆಯ್ತಲ್ಲ" ಅಂದರು. ಶಾಲು, ಹಣ್ಣು ಕೊಟ್ಟೆವು. ಹಣ್ಣು ಮಾತ್ರ ತೆಗೆದುಕೊಂಡರು. ಆ ಜಾಗದಲ್ಲಿ ಈಗಲೂ ಒಂದು ಗೋಣಿ ಹೊಯಿಗೆ ಇಟ್ಟಿದ್ದಾರಂತೆ, ಹೊಯಿಗೆ ರಾಶಿಯ ಮನೆಯವರನ್ನೇ ಕೇಳಿ.

ಪಾರ್ಸೆಲ್ ಹುಡುಗನನ್ನು ಕಟಪಾಡಿ ಕಡೆ ಎರಡು ಮೂರು ಅಂಗಡಿಯಲ್ಲಿ ವಿಚಾರಿಸಿದೆ, ಗುರುತು ಹತ್ತಲಿಲ್ಲ. ತಮ್ಮಾ, ನೀನು ಇದನ್ನು ಓದಿದರೆ, ಅಂದು ಫೋನ್ ಹಿಡಿದುಕೊಂಡ ನಿನ್ನ ಬುದ್ಧಿಗೆ ನಮ್ಮ ಮನೆಯವರೆಲ್ಲರ ಕಡೆಯಿಂದ ಥ್ಯಾಂಕ್ಸ್.

ಧಾರವಾಡದ ಅಕ್ಕ, ಅಣ್ಣಂದಿರೇ, ನಿಮಗೆ ಹೇಗೆ ತಿಳಿಸಬೇಕೋ ಗೊತ್ತಿಲ್ಲದೆ ಇಷ್ಟು ಬರೆದೆ. ನಿಮ್ಮ ಸ್ಟೋಲ್ ಒಗೆದು ಇಸ್ತ್ರಿ ಮಾಡಿಸಿ, ಇಕ್ಕಳದ ಜೊತೆ ಮಲ್ಲಿಗೆ ಮನೆಯ ಅಕ್ಕನ ಹತ್ತಿರ ಕೊಟ್ಟಿದ್ದೇನೆ. ಈ ಕಡೆ ಬಂದಾಗ ಆ ಗೇಟಿನ ಹತ್ತಿರ ನಿಲ್ಲಿಸಿ. ನನ್ನ ನಂಬರೂ ಅವರ ಹತ್ತಿರ ಇದೆ. ಫೋನ್ ಮಾಡಿದರೆ ಎಲ್ಲಿದ್ದರೂ ಬರುತ್ತೇನೆ, ಊಟ ನಮ್ಮ ಮನೆಯಲ್ಲಿ.